ರೋಗಿಗಳ ದಾಖಲೆಯ ಪಾಠಶುದ್ಧಿ
(ಕ್ಷಯ ಮತ್ತು ಎಚ್‌ಐವಿ ಚಿಕಿತ್ಸೆಯ ವಿದ್ಯುನ್ಮಾನ ದಾಖಲೆಗಳ ಚರಿತ್ರೆ)

೧

ಓಲೆಯ ಪ್ರತಿಗಳನ್ನಿಟ್ಟುಕೊಂಡು ಗ್ರಂಥಸಂಪಾದನೆ ಮಾಡುವವರಿಗೆ ಲಿಪಿಕಾರರ ದೋಷಗಳು ಎಷ್ಟು ಬಗೆಯವೆಂಬುದು ಚೆನ್ನಾಗಿ ತಿಳಿದಿದೆ. ಒಂದು ಪ್ರತಿಯಲ್ಲಿ ಪದ್ಯವೇ ಬಿಟ್ಟುಹೋಗಿರುತ್ತದೆ. ಇನ್ನೊಂದರಲ್ಲಿ ಒಂದಕ್ಷರ ಮತ್ತೊಂದಾಗಿರುತ್ತದೆ. ಮತ್ತೊಂದರಲ್ಲಿ ಒಂದೇ ಪಂಕ್ತಿ ಎರಡು ಸಲ ಬಂದಿರುತ್ತದೆ. ಕವಿಯು ಬರೆಯದ ಮಾತು ಒಳಗೆ ಸೇರಿಕೊಂಡಿರುವುದೂ ಉಂಟು. ಇವನ್ನು ಲೋಪ, ಸ್ಖಲನ, ಪುನರುಕ್ತಿ, ಪ್ರಕ್ಷೇಪ ಎಂದು ಕರೆಯಬಹುದು. ಈ ನಾಲ್ಕು ದೋಷಗಳೂ ಆಸ್ಪತ್ರೆಗಳ ದಾಖಲೆಗಳಲ್ಲಿ ಹಾಗೆಯೇ ಕಾಣಬರುತ್ತವೆ. ಭೇದವಿಷ್ಟೆ: ಕಾವ್ಯದಲ್ಲಿ ಲುಪ್ತವಾದ ಪದ್ಯವು ಬೇರೊಂದು ಪ್ರತಿಯಲ್ಲಿ ನೂರು ವರ್ಷಗಳ ಮೇಲೂ ದೊರೆಯಬಹುದು; ಆಸ್ಪತ್ರೆಯ ಪುಸ್ತಕದಲ್ಲಿ ಲುಪ್ತನಾದ ರೋಗಿಯನ್ನು ಕೆಲವು ವಾರಗಳೊಳಗಾಗಿ ಹುಡುಕದಿದ್ದರೆ ಆಮೇಲೆ ಹುಡುಕಿ ಫಲವಿಲ್ಲ.

ಕ್ಷಯ ಮತ್ತು ಎಚ್‌ಐವಿ ಎಂಬ ಎರಡು ವ್ಯಾಧಿಗಳ ವಿಷಯದಲ್ಲಿ ಈ ಮಾತು ವಿಶೇಷವಾಗಿ ಸಲ್ಲುತ್ತದೆ. ಔಷಧಕ್ಕೆ ಬಗ್ಗುವ ಸಾಧಾರಣ ಕ್ಷಯಕ್ಕೆ ಆರು ತಿಂಗಳ ಕಾಲ ಔಷಧವನ್ನು ಕೊಡುವುದು ಬಹುಕಾಲದ ಪದ್ಧತಿ. ಎಚ್‌ಐವಿಗೆ ಜೀವಮಾನವೆಲ್ಲ ಔಷಧ ನಡೆಯಬೇಕು. ನಡುವೆ ಬಿಟ್ಟರೆ ರೋಗ ಮರುಕಳಿಸುವುದಲ್ಲದೆ ಔಷಧಕ್ಕೆ ಬಗ್ಗದ ಬಗೆಯದಾಗಿಯೂ ಪರಿಣಮಿಸಬಹುದು. ಆದುದರಿಂದ ಈ ರೋಗಗಳಲ್ಲಿ ದಾಖಲೆಯೆಂಬುದು ಚಿಕಿತ್ಸೆಯ ಒಂದು ಅಂಗವೇ ಆಗಿದೆ. ಈಚಿನ ಕಾಲದಲ್ಲಿ ಈ ದಾಖಲೆಗಳು ಕಾಗದದಿಂದ ಗಣಕಯಂತ್ರಕ್ಕೆ ಏರಿವೆ. ಏರಿದುದರಿಂದ ಅವು ಶುದ್ಧವಾದುವೇ ಎಂಬುದನ್ನು ಚರಿತ್ರೆಯ ಕ್ರಮದಲ್ಲಿ ವಿಚಾರಮಾಡುವುದು ಪ್ರಕೃತ ಲೇಖನದ ಉದ್ದೇಶ. ದಾಖಲೆಯ ಶುದ್ಧಿಯು ಯಂತ್ರದ ಗುಣವನ್ನು ಅವಲಂಬಿಸಿದುದಕ್ಕಿಂತ ಹೆಚ್ಚಾಗಿ ಅದನ್ನು ಬರೆಯುವವನಿಗೆ ದೊರೆಯುವ ವೇಳೆಯನ್ನೂ ಬರೆದುದನ್ನು ಮರಳಿ ಓದುವವರ ಅಗತ್ಯವನ್ನೂ ಅವಲಂಬಿಸಿದೆ ಎಂಬುದು ನಾವು ಸಾಧಿಸಬೇಕೆಂದಿರುವ ಅಭಿಪ್ರಾಯ.

೨

ರೋಗಿಯು ಆರೋಗ್ಯಧಾಮದ ಹಾಸಿಗೆಯಲ್ಲಿದ್ದಷ್ಟು ಕಾಲ ವೈದ್ಯನಿಗೆ ದಾಖಲೆಯ ಚಿಂತೆ ಹೆಚ್ಚಾಗಿರಲಿಲ್ಲ. ಹಾಸಿಗೆ ಬರಿದಾದರೆ ಅದು ಎಲ್ಲರ ಕಣ್ಣಿಗೂ ಬೀಳುತ್ತಿತ್ತು. ಈ ಸ್ಥಿತಿಯನ್ನು ಬದಲಾಯಿಸಿದುದು ಮದರಾಸಿನ ಪ್ರಯೋಗ. ೧೯೫೬ನೆಯ ಇಸವಿಯಲ್ಲಿ ಅಲ್ಲಿ ಸ್ಥಾಪಿತವಾದ ಕ್ಷಯದ ಔಷಧಚಿಕಿತ್ಸಾ ಕೇಂದ್ರದವರು ಮನೆಯಲ್ಲಿದ್ದುಕೊಂಡೇ ಔಷಧ ಸೇವಿಸಿದವರನ್ನೂ ಆರೋಗ್ಯಧಾಮದಲ್ಲಿದ್ದು ಸೇವಿಸಿದವರನ್ನೂ ಹೋಲಿಸಿ ನೋಡಿದರು. ಎರಡರ ಫಲವೂ ಹೆಚ್ಚು ಕಡಮೆ ಸಮಾನವೆಂದು ೧೯೫೯ರಲ್ಲಿ ಪ್ರಕಟವಾಯಿತು. ಬಡದೇಶಗಳಿಗೆ ಇದು ದೊಡ್ಡ ಉಪಕಾರವಾಯಿತು. ಆದರೆ ರೋಗಿಯು ಮನೆಗೆ ಹೋದೊಡನೆ ವೈದ್ಯನ ಕಣ್ಣಿಗೆ ಮರೆಯಾದನು. ವೈದ್ಯನ ಕೈಯಲ್ಲಿ ಉಳಿದುದು ಅವನ ಚಿಕಿತ್ಸಾಪತ್ರವೊಂದೇ. ಅದನ್ನು ನಂಬುವುದು ಹೇಗೆ? ಮದರಾಸಿನವರು ಮುನ್ಸೂಚನೆಯಿಲ್ಲದೆ ರೋಗಿಗಳ ಮನೆಗೆ ಹೋಗಿ ಔಷಧವನ್ನು ಎಣಿಸಿದರು; ಔಷಧ ಒಳಕ್ಕೆ ಹೋಗಿದೆಯೇ ಇಲ್ಲವೇ ಎಂದು ಮೂತ್ರಪರೀಕ್ಷೆ ಮಾಡಿದರು. ದಾಖಲೆಯನ್ನು ದಾಖಲೆಯಿಂದ ಹೊರಗಿನ ಸಾಕ್ಷ್ಯದೊಡನೆ ತಾಳೆನೋಡುವ ಕ್ರಮವು ಈ ಕ್ಷೇತ್ರದಲ್ಲಿ ಹೀಗೆ ಬೇರೂರಿತು.

ಎರಡನೆಯ ಹೆಜ್ಜೆ ನಮ್ಮ ನಾಡಿನದು. ಬೆಂಗಳೂರಿನಲ್ಲಿ ೧೯೫೯ರಲ್ಲಿ ರೂಪುಗೊಂಡ ರಾಷ್ಟ್ರೀಯ ಕ್ಷಯ ಸಂಸ್ಥೆಯನ್ನು ಜವಾಹರಲಾಲ್ ನೆಹರೂ ಅವರು ೧೯೬೦ರ ಸೆಪ್ಟೆಂಬರಿನಲ್ಲಿ ಪ್ರಾರಂಭಿಸಿದರು. ಮುಂದೆ ವಿಶ್ವ ಆರೋಗ್ಯ ಸಂಸ್ಥೆಯ ಮುಖ್ಯಾಧಿಕಾರಿಯಾದ ಹಾಲ್ಫ್‌ಡಾನ್ ಮಾಲರ್ ಅವರು ಇಲ್ಲಿ ಸಲಹೆಗಾರರಾಗಿದ್ದರು. ಈ ಸಂಸ್ಥೆಯವರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಸಮೀಕ್ಷೆ ನಡೆಸಿ ಎದೆಯ ಛಾಯಾಚಿತ್ರದ ಮೂಲಕ ರೋಗಿಗಳನ್ನು ಕಂಡುಹಿಡಿದರು, ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಎಂಬವರು ಆ ರೋಗಿಗಳ ಬಳಿಗೆ ಹೋಗಿ ವಿಚಾರಿಸಿದರು. ೧೯೬೩ರಲ್ಲಿ ಪ್ರಕಟವಾದ ಅವರ ಬರೆಹದಿಂದ ತಿಳಿದುಬಂದುದೇನೆಂದರೆ, ರೋಗಿಗಳಲ್ಲಿ ಬಹುಮಂದಿಗೆ ತಮ್ಮ ದೇಹದಲ್ಲಿ ಕೇಡಿರುವುದು ತಿಳಿದಿತ್ತು. ಸುಮಾರು ಅರ್ಧದಷ್ಟು ಜನ ಅದಾಗಲೇ ಆಸ್ಪತ್ರೆಗೋ ಔಷಧಾಲಯಕ್ಕೋ ಹೋಗಿದ್ದರು. ಹೋದವರಿಗೆ ಕೆಮ್ಮಿನ ಔಷಧ ಕೊಟ್ಟು ಕಳುಹಿಸಲಾಗಿತ್ತು. ಹಳ್ಳಿಯವರು ಅಜ್ಞಾನದಿಂದ ಬರುವುದಿಲ್ಲವೆಂಬ ನಂಬಿಕೆ ಇದರಿಂದ ಸಡಿಲವಾಯಿತು. ಅವರು ಬಂದಿದ್ದರು, ದಾಖಲೆ ಅವರನ್ನು ಗುರುತಿಸಲಿಲ್ಲ. ಪ್ರತಿಯಲ್ಲಿ ಇಲ್ಲದ ಮಾತ್ರಕ್ಕೆ ಮೂಲದಲ್ಲಿಯೂ ಇರಲಿಲ್ಲವೆಂದು ನಿರ್ಣಯಿಸಬಾರದು ಎಂಬ ನಮ್ಮ ಸಂಪಾದಕರ ನಿಯಮ ಇಲ್ಲಿಯೂ ಪ್ರಮಾಣವಾಗುತ್ತದೆ.

ಮೂರನೆಯ ಹೆಜ್ಜೆ ಪೂರ್ವ ಆಫ್ರಿಕದಲ್ಲಿ ನಡೆಯಿತು. ಟಾಂಜಾನಿಯ ದೇಶದಲ್ಲಿ ೧೯೭೭ರಲ್ಲಿ ಕ್ಷಯ ಮತ್ತು ಕುಷ್ಠ ನಿವಾರಣೆಯ ರಾಷ್ಟ್ರೀಯ ಕಾರ್ಯಕ್ರಮ ಮೊದಲಾಯಿತು. ಅದಕ್ಕೆ ಮಾರ್ಗದರ್ಶಕರಾಗಿದ್ದ ಕಾರೆಲ್ ಸ್ಟೈಬ್ಲೊ ಎಂಬ ಚೆಕ್ ವೈದ್ಯರು ಒಂದು ಸರಳವಾದ ಪ್ರಶ್ನೆಯನ್ನು ಮುಂದಿಟ್ಟರು: ಈ ಮೂರು ತಿಂಗಳಲ್ಲಿ ಚಿಕಿತ್ಸೆಗೆ ಸೇರಿದವರಲ್ಲಿ ಒಬ್ಬೊಬ್ಬರೂ ಕಡೆಗೆ ಏನಾದರು? ಒಂದೇ ತ್ರೈಮಾಸಿಕದಲ್ಲಿ ಸೇರಿದವರ ಗುಂಪನ್ನು ಕನ್ನಡದಲ್ಲಿ 'ಓರಗೆ' ಎನ್ನಬಹುದು. ಓರಗೆಯ ಪ್ರತಿಯೊಬ್ಬರೂ ಗುಣವಾದವರು, ಚಿಕಿತ್ಸೆ ಮುಗಿಸಿದವರು, ಗುಣವಾಗದೆ ಉಳಿದವರು, ಮೃತರಾದವರು, ಚಿಕಿತ್ಸೆ ತಪ್ಪಿಸಿದವರು, ಬೇರೆಡೆಗೆ ವರ್ಗವಾದವರು ಎಂಬ ಆರು ಪಂಗಡಗಳಲ್ಲಿ ಯಾವುದಾದರೊಂದಕ್ಕೆ ಸೇರಲೇಬೇಕು. ಆರನ್ನೂ ಕೂಡಿಸಿದರೆ ಮೊದಲಿನ ಸಂಖ್ಯೆ ಬರಬೇಕು. ಬಾರದಿದ್ದರೆ ಯಾರೋ ಒಬ್ಬರು ಲೆಕ್ಕಕ್ಕೆ ತಪ್ಪಿದ್ದಾರೆಂದೇ ಅರ್ಥ. ಔಷಧವನ್ನು ಎಷ್ಟು ಹಂಚಿದೆವೆಂದು ಹೇಳಿಕೊಳ್ಳುವ ವರದಿಗಳ ನಡುವೆ, ಲೋಪವನ್ನು ತಾನೇ ತೋರಿಸಿಕೊಡುವ ಈ ಲೆಕ್ಕವು ಹೊಸದಾಗಿತ್ತು. ವಿಶ್ವ ಆರೋಗ್ಯ ಸಂಸ್ಥೆ ೧೯೯೩ರಲ್ಲಿ ಕ್ಷಯವನ್ನು ಜಗತ್ತಿನ ತುರ್ತು ವಿಪತ್ತೆಂದು ಸಾರಿದ ಮೇಲೆ ಈ ಕ್ರಮ ಹಲವು ದೇಶಗಳಿಗೆ ಹರಡಿತು. ಭಾರತದಲ್ಲಿ ಇದೇ ತಳಹದಿಯ ಪರಿಷ್ಕೃತ ಕಾರ್ಯಕ್ರಮವು ೧೯೯೭ರಲ್ಲಿ ಮೊದಲಾಗಿ ೨೦೦೬ರ ವೇಳೆಗೆ ದೇಶವನ್ನೆಲ್ಲ ವ್ಯಾಪಿಸಿತು.

೩

ಆಫ್ರಿಕದ ಆಗ್ನೇಯ ಭಾಗದಲ್ಲಿರುವ ಮಲಾವಿ ಎಂಬ ಬಡರಾಷ್ಟ್ರವು ೨೦೦೪ರಲ್ಲಿ ಎಚ್‌ಐವಿ ಔಷಧವನ್ನು ದೇಶದಾದ್ಯಂತ ಉಚಿತವಾಗಿ ಕೊಡಲು ತೊಡಗಿತು. ವೈದ್ಯರು ಅತ್ಯಲ್ಪ, ರೋಗಿಗಳು ಲಕ್ಷಾಂತರ. ಆ ದೇಶದ ಕ್ಷಯ ಕಾರ್ಯಕ್ರಮದಲ್ಲಿ ಪಳಗಿದ್ದ ಆಂಥೊನಿ ಹ್ಯಾರಿಸ್ ಮೊದಲಾದವರು ಸ್ಟೈಬ್ಲೊ ಅವರ ಓರಗೆಯ ಲೆಕ್ಕವನ್ನೇ ಎಚ್‌ಐವಿಗೆ ಅನ್ವಯಿಸಿದರು. ರೋಗಿಗೊಂದು ಚಿಕಿತ್ಸಾಪತ್ರ, ಚಿಕಿತ್ಸಾಲಯಕ್ಕೊಂದು ದೊಡ್ಡ ಪುಸ್ತಕ, ಮೂರು ತಿಂಗಳಿಗೊಮ್ಮೆ ವರದಿ. ರಾಜಧಾನಿಯಿಂದ ಬಂದ ಪರಿಶೋಧಕರು ಆ ವರದಿಯನ್ನು ಮೂಲ ಪತ್ರಗಳೊಡನೆ ತಾಳೆನೋಡುವುದು: ಇದು ಅಲ್ಲಿನ ಪದ್ಧತಿ.

ಆದರೆ ಎರಡು ರೋಗಗಳ ಸ್ವಭಾವಭೇದದಿಂದ ಇಲ್ಲೊಂದು ತೊಡಕುಂಟಾಯಿತು. ಕ್ಷಯದ ಓರಗೆ ಒಂದು ವರ್ಷದೊಳಗೆ ಮುಗಿಯುತ್ತದೆ, ಪುಸ್ತಕವನ್ನು ಮುಚ್ಚಬಹುದು. ಎಚ್‌ಐವಿಯ ಓರಗೆ ಮುಗಿಯುವುದೇ ಇಲ್ಲ. ಪ್ರತಿ ತ್ರೈಮಾಸಿಕದಲ್ಲಿಯೂ ಹೊಸಬರೊಡನೆ ಹಿಂದಿನವರೆಲ್ಲರನ್ನೂ ಮತ್ತೆ ಮೊದಲಿನಿಂದ ಎಣಿಸಬೇಕು. ಚಿಕಿತ್ಸೆ ಯಶಸ್ವಿಯಾದಷ್ಟೂ ಬದುಕುಳಿದವರು ಹೆಚ್ಚುತ್ತಾರೆ, ಪುಸ್ತಕಗಳು ರಾಶಿಬೀಳುತ್ತವೆ. ಔಷಧ ಕೊಡಬೇಕಾದ ಕೈಗಳು ಎಣಿಕೆಯಲ್ಲಿ ತೊಡಗುತ್ತವೆ. ಗಣಕಯಂತ್ರದ ಅವಶ್ಯಕತೆ ಈ ಕಾರಣದಿಂದ ಬಂತೆಂಬುದನ್ನು ಗಮನಿಸಬೇಕು. ಕಾಗದವು ಹೊರಲಾರದ ಭಾರವನ್ನು ಹೊರುವುದಕ್ಕೆಂದು ಅದು ಬಂದಿತು.

ಮಲಾವಿಯಲ್ಲಿ ಜೆರಾಲ್ಡ್ ಡಗ್ಲಸ್ ಮೊದಲಾದವರ ಬಾವೊಬಾಬ್ ಎಂಬ ಸಂಸ್ಥೆಯು ಬೆರಳಿನಿಂದ ಮುಟ್ಟಿ ನಡೆಸತಕ್ಕ ಪರದೆಯ ಯಂತ್ರಗಳನ್ನು ಸಿದ್ಧಪಡಿಸಿತು. ದಾದಿಯು ರೋಗಿಯ ಎದುರಿಗೇ ಪರದೆಯನ್ನು ಮುಟ್ಟುತ್ತ ಹೋಗುತ್ತಾಳೆ. ಯಂತ್ರವು ಪ್ರಶ್ನೆಗಳನ್ನು ಒಂದೊಂದಾಗಿ ಕೇಳುತ್ತದೆ. ಕೊನೆಗೆ ಒಂದು ಸಣ್ಣ ಚೀಟಿ ಅಚ್ಚಾಗಿ ಬರುತ್ತದೆ. ಅದನ್ನು ರೋಗಿಯ ಕೈಪುಸ್ತಕಕ್ಕೆ ಅಂಟಿಸಲಾಗುತ್ತದೆ. ಬರೆದುದು ಬರೆದವಳಿಗೇ ಮುಂದಿನ ಭೇಟಿಯಲ್ಲಿ ಬೇಕಾಗುವಂತೆ ಇಲ್ಲಿ ಏರ್ಪಾಡಾಗಿದೆ. ಕೆನ್ಯಾದ ಮೊಸೊರಿಯೊಟ್ ಎಂಬ ಗ್ರಾಮೀಣ ಚಿಕಿತ್ಸಾಲಯದಲ್ಲಿ ೨೦೦೧ರಲ್ಲಿ ಇಂಥದೇ ಇನ್ನೊಂದು ಯತ್ನ ಮೊದಲಾಯಿತು. ಅದನ್ನು ಬೆಳೆಸಿದವರೂ ಪೆರು ದೇಶದಲ್ಲಿ ಔಷಧಕ್ಕೆ ಬಗ್ಗದ ಕ್ಷಯದ ದಾಖಲೆಗಳನ್ನು ಕಟ್ಟುತ್ತಿದ್ದವರೂ ಕೂಡಿ ೨೦೦೪ರಲ್ಲಿ 'ಓಪನ್ ಎಂಆರ್‌ಎಸ್' ಎಂಬ, ಯಾರು ಬೇಕಾದರೂ ಉಚಿತವಾಗಿ ಬಳಸಬಹುದಾದ ವ್ಯವಸ್ಥೆಗೆ ತಳಹದಿ ಹಾಕಿದರು. ದಕ್ಷಿಣ ಆಫ್ರಿಕವು ೨೦೧೦ರಲ್ಲಿ ಮೂರು ಅಂತಸ್ತುಗಳ ಕ್ರಮವೊಂದನ್ನು ಅಂಗೀಕರಿಸಿತು. ಮೊದಲನೆಯದು ಕಾಗದದ ಪುಸ್ತಕ, ಎರಡನೆಯದು ಜಾಲದ ಹಂಗಿಲ್ಲದ ಸರಳ ಗಣಕಪುಸ್ತಕ, ಮೂರನೆಯದು ಪೂರ್ಣ ವಿದ್ಯುನ್ಮಾನ ದಾಖಲೆ. ಮೂರರಲ್ಲಿಯೂ ಕೇಳುವ ಮುಖ್ಯ ಪ್ರಶ್ನೆಗಳು ಒಂದೇ. ಚಿಕಿತ್ಸಾಲಯವು ತನ್ನ ಶಕ್ತಿಗೆ ತಕ್ಕ ಅಂತಸ್ತಿನಲ್ಲಿ ನಿಂತು, ಶಕ್ತಿ ಬಂದಂತೆ ಮೇಲಕ್ಕೇರಬಹುದು. ವಿವೇಕಯುತವಾದ ಕ್ರಮವೆಂದು ಇದನ್ನು ಹೊಗಳಬೇಕು.

೪

ಇನ್ನು ದೋಷಗಳನ್ನು ಪರಾಮರ್ಶಿಸೋಣ.

ಮೊದಲನೆಯದು ಲೋಪ. ಉತ್ತರ ಮಲಾವಿಯ ಚಿಕಿತ್ಸಾಲಯಗಳಲ್ಲಿ ಮೂರು ತಿಂಗಳು ಅಥವಾ ಅದಕ್ಕಿಂತ ಹೆಚ್ಚು ಕಾಲ ಔಷಧಕ್ಕೆ ಬಾರದೆ 'ಕಣ್ಮರೆಯಾದವರು' ಎಂದು ಬರೆದಿದ್ದ ೨೫೩ ಮಂದಿಯನ್ನು ಹುಡುಕಿಸಿದ ಅಧ್ಯಯನವೊಂದು ೨೦೦೭ರಲ್ಲಿ ಪ್ರಕಟವಾಯಿತು. ಅವರಲ್ಲಿ ೧೨೭ ಮಂದಿ ಸತ್ತಿದ್ದರು. ೫೮ ಮಂದಿ ಬದುಕಿದ್ದರು. ೬೮ ಮಂದಿ ದೊರೆಯಲೇ ಇಲ್ಲ. ದೊರೆಯದಿದ್ದುದಕ್ಕೆ ಮುಖ್ಯ ಕಾರಣ ಪುಸ್ತಕದಲ್ಲಿ ವಿಳಾಸ ತಪ್ಪಾಗಿದ್ದುದು. ಬದುಕಿದ್ದು ಔಷಧ ಬಿಟ್ಟವರಲ್ಲಿ ಪ್ರಯಾಣದ ವೆಚ್ಚವೇ ಅಡ್ಡಿಯೆಂದು ಹೇಳಿದವರಿದ್ದರು. ಬೇರೆ ಬೇರೆ ದೇಶಗಳ ಇಂಥ ೧೭ ಅಧ್ಯಯನಗಳನ್ನು ಕ್ರೋಡೀಕರಿಸಿ ೨೦೦೯ರಲ್ಲಿ ಪ್ರಕಟಿಸಿದವರು, ಕಣ್ಮರೆಯಾಗಿ ಆಮೇಲೆ ಪತ್ತೆಯಾದವರಲ್ಲಿ ನೂರಕ್ಕೆ ಸುಮಾರು ೪೦ ಮಂದಿ ಮೃತರಾಗಿದ್ದರೆಂದು ಗಣಿಸಿದರು. ಇವರನ್ನು ಬಿಟ್ಟು ಉಳಿದವರ ಮರಣಪ್ರಮಾಣವನ್ನು ಮಾತ್ರ ಹೇಳಿದರೆ ಚಿಕಿತ್ಸೆಯ ಫಲ ಇದ್ದುದಕ್ಕಿಂತ ಉತ್ತಮವಾಗಿ ತೋರುತ್ತದೆ. ಒಂದು ಖಾಲಿ ಮನೆ ಎಷ್ಟು ಸುಲಭವಾಗಿ ಸಾವನ್ನು ಮುಚ್ಚಿಡಬಲ್ಲುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಈ ಸಂದರ್ಭದಲ್ಲಿ ಒಂದು ಪದದ ಚರಿತ್ರೆಯನ್ನು ಹೇಳಬೇಕು. ಔಷಧಕ್ಕೆ ಬಾರದವನನ್ನು ಬಹುಕಾಲ 'ತಪ್ಪಿಸಿದವನು' ಎಂಬರ್ಥದ, ಸಾಲ ತೀರಿಸದವನಿಗೂ ಸಲ್ಲುವ ಇಂಗ್ಲಿಷು ಮಾತಿನಿಂದ ಕರೆಯುತ್ತಿದ್ದರು. ವಿಶ್ವ ಆರೋಗ್ಯ ಸಂಸ್ಥೆ ೨೦೧೩ರ ಪರಿಷ್ಕರಣದಲ್ಲಿ ಅದನ್ನು ಕ್ಷಯದ ದಾಖಲೆಗಳಿಂದ ತೆಗೆದು 'ಕಣ್ಮರೆಯಾದವನು' ಎಂಬರ್ಥದ ಮಾತನ್ನಿಟ್ಟಿತು. ಮೊದಲಿನ ಮಾತು ತಪ್ಪನ್ನು ರೋಗಿಯ ಮೇಲೆ ಹೊರಿಸುತ್ತಿತ್ತು. ಎರಡನೆಯದು ಹುಡುಕುವ ಹೊಣೆಯನ್ನು ನೋಡುವ ಕಣ್ಣಿಗೆ ಕೊಡುತ್ತದೆ. ೧೨೭ ಮಂದಿ ಮೃತರನ್ನು ತಪ್ಪಿತಸ್ಥರೆಂದು ಕರೆಯುವುದು ಎಂಥ ಅನ್ಯಾಯವೆಂಬುದನ್ನು ಶಬ್ದಾರ್ಥವಿಚಾರಕರಿಗೆ ವಿವರಿಸಬೇಕಾಗಿಲ್ಲ.

ಎರಡನೆಯದು ಸ್ಖಲನ, ಅಂದರೆ ಎಣಿಕೆಯ ಮತ್ತು ನಕಲಿನ ತಪ್ಪು. ಮಲಾವಿಯ ಚಿಕಿತ್ಸಾಲಯಗಳು ೨೦೦೬ರಲ್ಲಿ ತಾವೇ ಕೂಡಿಸಿದ ಲೆಕ್ಕಗಳನ್ನು ಪರಿಶೋಧಕರ ಲೆಕ್ಕದೊಡನೆ ಹೋಲಿಸಿದಾಗ, ಮೊದಲನೆಯ ದರ್ಜೆಯ ಔಷಧದಲ್ಲಿರುವವರ ಒಟ್ಟು ಸಂಖ್ಯೆ ನೂರಕ್ಕೆ ೧೨ರಷ್ಟು ಕಡಮೆಯಾಗಿ ಬಂದಿತ್ತು. ಆ ಸಂಖ್ಯೆಯನ್ನೇ ನಂಬಿ ಔಷಧ ತರಿಸಿದ್ದರೆ ಕೊರತೆ ಬೀಳುತ್ತಿತ್ತೆಂಬುದು ಸ್ಪಷ್ಟ. ಕೂಡುವ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಿದರೆ ಈ ಬಗೆಯ ದೋಷ ಬಹುಮಟ್ಟಿಗೆ ಕಳೆಯುತ್ತದೆ. ವಿದ್ಯುನ್ಮಾನ ದಾಖಲೆಯ ನಿರ್ವಿವಾದವಾದ ಲಾಭವಿದು.

ಮೂರನೆಯದು ಪುನರುಕ್ತಿ. ಒಬ್ಬನೇ ರೋಗಿಯು ಹೇಳದೆ ಊರು ಬಿಟ್ಟು ಇನ್ನೊಂದು ಚಿಕಿತ್ಸಾಲಯಕ್ಕೆ ಸೇರಿದರೆ, ಅಲ್ಲಿ ಹೊಸಬನಾಗಿ ಹುಟ್ಟುತ್ತಾನೆ, ಇಲ್ಲಿ ಕಣ್ಮರೆಯಾಗುತ್ತಾನೆ. ಎರಡು ರೋಗಗಳೂ ಇರುವವನಾದರೆ ಕ್ಷಯದ ಪುಸ್ತಕದಲ್ಲಿ ಒಬ್ಬನಾಗಿಯೂ ಎಚ್‌ಐವಿಯ ಪುಸ್ತಕದಲ್ಲಿ ಇನ್ನೊಬ್ಬನಾಗಿಯೂ ಇರುತ್ತಾನೆ. ಎಚ್‌ಐವಿ ಉಳ್ಳವರ ಮರಣಕ್ಕೆ ಕ್ಷಯವೇ ಅಗ್ರಕಾರಣವಾದುದರಿಂದ ಈ ಎರಡು ಪಾಠಗಳು ಒಂದನ್ನೊಂದು ಕಾಣದಿರುವುದು ಅಪಾಯಕರ. ದಕ್ಷಿಣ ಆಫ್ರಿಕದಲ್ಲಿ ಬಹುಕಾಲ ಪ್ರತ್ಯೇಕವಾಗಿದ್ದ ಎರಡು ಗಣಕಪುಸ್ತಕಗಳನ್ನು ಮುಂದೆ ಒಂದುಗೂಡಿಸಿದುದು ಇದೇ ಕಾರಣದಿಂದ ಸಮಂಜಸವಾಗಿದೆ.

ನಾಲ್ಕನೆಯದು ಪ್ರಕ್ಷೇಪ. ಕಾಗದದಲ್ಲಿ ಖಾಲಿ ಬಿಟ್ಟ ಸ್ಥಳವು ತನ್ನ ಖಾಲಿತನವನ್ನು ತೋರಿಸುತ್ತದೆ. ಯಂತ್ರವಾದರೋ ಕೆಲವು ವೇಳೆ ತುಂಬದೆ ಮುಂದಕ್ಕೆ ಹೋಗಗೊಡುವುದಿಲ್ಲ. ತೂಗುವ ತಕ್ಕಡಿ ಕೆಟ್ಟಿರುವಾಗಲೂ ತೂಕದ ಮನೆಯನ್ನು ತುಂಬಲೇಬೇಕೆಂದರೆ, ಸಾಲಿನಲ್ಲಿ ನೂರು ಜನ ನಿಂತಿರುವ ದಿನ, ಹಿಂದಿನ ತಿಂಗಳ ತೂಕವೇ ಮತ್ತೆ ಬಂದು ಕೂರುತ್ತದೆ. ಬಹುಕಾಲದ ಖಾಲಿ ಸ್ಥಳಗಳನ್ನು ವರದಿಯ ಹಿಂದಿನ ದಿನ ಒಟ್ಟಿಗೆ ತುಂಬುವ ಪ್ರಲೋಭನವೂ ಇಂಥದೇ. ಲೋಪವನ್ನು ಓದುಗನು ಕಾಣಬಲ್ಲನು. ಚೆನ್ನಾಗಿ ಹೊಂದಿಕೊಂಡ ಪ್ರಕ್ಷೇಪವನ್ನು ಕಾಣುವುದು ಕಷ್ಟ. ಆದುದರಿಂದ ಪೂರ್ಣವಾಗಿ ತುಂಬಿದ ದಾಖಲೆಯೇ ಶುದ್ಧವಾದ ದಾಖಲೆಯೆಂದು ಭಾವಿಸುವುದು ತಪ್ಪು. ಪೂರ್ಣತೆ ಬೇರೆ, ಯಥಾರ್ಥತೆ ಬೇರೆ.

ಈ ದೋಷಗಳ ಮೂಲವನ್ನು ತೋರಿಸುವ ಸಮೀಕ್ಷೆಯೊಂದು ೨೦೦೮ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟವಾಯಿತು. ೧೫ ಬಡದೇಶಗಳ ೨೧ ಎಚ್‌ಐವಿ ಚಿಕಿತ್ಸಾಕೇಂದ್ರಗಳ ವಿದ್ಯುನ್ಮಾನ ದಾಖಲೆಗಳನ್ನು ಅದರಲ್ಲಿ ಪರೀಕ್ಷಿಸಲಾಗಿತ್ತು. ಮುಖ್ಯ ವಿಷಯಗಳಲ್ಲಿ ಖಾಲಿ ಉಳಿದುದು ಮಧ್ಯಮ ಗಣನೆಯಲ್ಲಿ ನೂರಕ್ಕೆ ೧೦.೯. ಎಲ್ಲಿ ದಾಖಲೆ ಬರೆಯುವವರಿಗೆ ಶಿಕ್ಷಣ ಕೊಟ್ಟಿದ್ದರೋ, ಎಲ್ಲಿ ಗುಮಾಸ್ತನಿಗೆ ಹೆಚ್ಚು ಗಂಟೆಗಳ ಅವಕಾಶವಿತ್ತೋ ಅಲ್ಲಿ ಖಾಲಿ ಸ್ಥಳಗಳು ಕಡಮೆ. ನೂರು ರೋಗಿಗಳಿಗೆ ವಾರಕ್ಕೆ ಸುಮಾರು ಹತ್ತು ಗಂಟೆಗಳ ಗುಮಾಸ್ತಿಕೆ ಇಲ್ಲದಿದ್ದರೆ ಲೋಪವನ್ನು ನೂರಕ್ಕೆ ಹತ್ತಕ್ಕಿಂತ ಕೆಳಗಿಳಿಸಲಾಗದೆಂದು ಅವರು ಗಣಿಸಿದರು. ನಮ್ಮ ಅಭಿಪ್ರಾಯಕ್ಕೆ ಇದೇ ಪ್ರಬಲವಾದ ಆಧಾರ.

೫

ಭಾರತದ ವಿಷಯವನ್ನು ಸಂಗ್ರಹವಾಗಿ ಹೇಳುವುದಾದರೆ, ೨೦೧೨ರ ಮೇ ತಿಂಗಳಲ್ಲಿ ಪ್ರತಿಯೊಬ್ಬ ಕ್ಷಯರೋಗಿಯ ವಿಷಯವನ್ನೂ ಸರ್ಕಾರಕ್ಕೆ ತಿಳಿಸಬೇಕೆಂಬ ಆಜ್ಞೆ ಹೊರಟಿತು. ಅದೇ ವರ್ಷ 'ನಿಕ್ಷಯ್' ಎಂಬ ರಾಷ್ಟ್ರೀಯ ವಿದ್ಯುನ್ಮಾನ ದಾಖಲೆ ಪ್ರಾರಂಭವಾಯಿತು. ಖಾಸಗಿ ವೈದ್ಯರ ರೋಗಿಗಳೂ ಲೆಕ್ಕಕ್ಕೆ ಬರಲು ಇದರಿಂದ ದಾರಿಯಾಯಿತು. ೨೦೧೮ರ ಏಪ್ರಿಲಿನಿಂದ ರೋಗಿಯ ಪೋಷಣೆಗಾಗಿ ತಿಂಗಳಿಗೆ ೫೦೦ ರೂಪಾಯಿಗಳನ್ನು ನೇರವಾಗಿ ಅವರ ಖಾತೆಗೆ ಕಳುಹಿಸುವ ಯೋಜನೆಯು ಈ ದಾಖಲೆಯೊಡನೆ ಸೇರಿತು. ೨೦೨೪ರ ನವೆಂಬರಿನಲ್ಲಿ ಆ ಮೊತ್ತ ೧೦೦೦ ರೂಪಾಯಿಯಾಯಿತು. ಇದರಿಂದ ದಾಖಲೆಯ ಸ್ವರೂಪವೇ ಬೇರೆಯಾಯಿತೆನ್ನಬೇಕು. ಹಿಂದೆ ಒಂದಂಕೆ ತಪ್ಪಿದರೆ ವರದಿ ಕೆಡುತ್ತಿತ್ತು. ಈಗ ಖಾತೆಯ ಒಂದಂಕೆ ತಪ್ಪಿದರೆ ಒಂದು ಮನೆಯ ಹಾಲು ಮೊಟ್ಟೆ ನಿಲ್ಲಬಹುದು. ಅದೇ ಕಾರಣದಿಂದ, ತನ್ನ ದಾಖಲೆ ಸರಿಯಾಗಿರಬೇಕೆಂದು ಕೇಳುವ ಪ್ರೇರಣೆ ರೋಗಿಗೂ ಮೊದಲ ಸಲ ಬಂದಿದೆ.

ಎಚ್‌ಐವಿಗೆ ಉಚಿತ ಔಷಧ ಕೊಡುವ ಕಾರ್ಯವು ಭಾರತದಲ್ಲಿ ೨೦೦೪ರ ಏಪ್ರಿಲ್ ೧ರಂದು, ರೋಗವು ಹೆಚ್ಚಾಗಿದ್ದ ಆರು ರಾಜ್ಯಗಳಿಗೆ ಪ್ರಾಶಸ್ತ್ಯ ಕೊಟ್ಟು ಮೊದಲಾಯಿತು. ಕರ್ನಾಟಕ ಅವುಗಳಲ್ಲಿ ಒಂದು. ಈ ದಾಖಲೆಗೆ ವಿಶೇಷವಾಗಿ ಸಲ್ಲುವ ಇನ್ನೊಂದು ಧರ್ಮವುಂಟು, ಅದು ಗೌಪ್ಯ. ಎರಡು ಪುಸ್ತಕಗಳನ್ನು ಕೂಡಿಸಬೇಕಾದರೆ ಹೆಸರು ಬೇಕು. ಹೆಸರು ಹೊರಬಿದ್ದರೆ ರೋಗಿಯ ಉದ್ಯೋಗ, ಮದುವೆ, ಮನೆಗಳಿಗೆ ಕೇಡು. ೨೦೧೭ರಲ್ಲಿ ಅಂಗೀಕೃತವಾಗಿ ೨೦೧೮ರ ಸೆಪ್ಟೆಂಬರ್ ೧೦ರಿಂದ ಜಾರಿಗೆ ಬಂದ ಎಚ್‌ಐವಿ ಕಾಯಿದೆಯು ಈ ಗೌಪ್ಯವನ್ನು ಕಾಪಾಡುವ ಹೊಣೆಯನ್ನು ದಾಖಲೆಯನ್ನು ಇಟ್ಟುಕೊಂಡವರಿಗೆ ವಿಧಿಸಿದೆ. ಗುಟ್ಟು ನಿಲ್ಲುವುದಿಲ್ಲವೆಂದು ಶಂಕಿಸುವವನು ಸುಳ್ಳು ಹೆಸರನ್ನೂ ಸುಳ್ಳು ವಿಳಾಸವನ್ನೂ ಕೊಡುವುದು ಸಹಜ. ಹೀಗೆ ಗೌಪ್ಯವೂ ಶುದ್ಧಿಯ ಒಂದು ಸಾಧನವೇ ಆಗುತ್ತದೆ.

೬

ಮೇಲೆ ಹೇಳಿದುದರಿಂದ ಸಿದ್ಧಪಡುವುದೇನು? ಮದರಾಸಿನಲ್ಲಿ ಔಷಧವನ್ನು ಎಣಿಸಿದವರು, ತುಮಕೂರಿನಲ್ಲಿ ಮನೆಮನೆಗೆ ಹೋಗಿ ವಿಚಾರಿಸಿದವರು, ಟಾಂಜಾನಿಯದಲ್ಲಿ ಆರು ಪಂಗಡಗಳನ್ನು ಕೂಡಿಸಿದವರು, ಮಲಾವಿಯಲ್ಲಿ ಸತ್ತವರ ಊರನ್ನು ಹುಡುಕಿಕೊಂಡು ಹೋದವರು, ಇವರೆಲ್ಲರೂ ಬರೆದುದನ್ನು ಮರಳಿ ಓದಿ ಹೊರಗಿನ ಸಾಕ್ಷ್ಯದೊಡನೆ ತಾಳೆನೋಡಿದವರು. ಯಂತ್ರವು ಕೂಡುವುದನ್ನೂ ಹುಡುಕುವುದನ್ನೂ ಸುಲಭಮಾಡಿದೆ. ತಾಳೆನೋಡುವ ಕೆಲಸವನ್ನು ಅದು ತನ್ನ ಮೇಲೆ ತೆಗೆದುಕೊಂಡಿಲ್ಲ. ೨೦೨೫ರ ಜನವರಿಯಲ್ಲಿ ಅಮೆರಿಕದ ಸರ್ಕಾರವು ತನ್ನ ವಿದೇಶ ನೆರವನ್ನು ಥಟ್ಟನೆ ತಡೆಹಿಡಿದಾಗ, ಆಫ್ರಿಕದ ಹಲವು ದೇಶಗಳಲ್ಲಿ ಆ ಹಣದಿಂದ ಸಂಬಳ ಪಡೆಯುತ್ತಿದ್ದ ದಾಖಲೆ ಬರೆಯುವವರು ಕೆಲಸ ಕಳೆದುಕೊಂಡರು. ಯಂತ್ರ ಅಲ್ಲಿಯೇ ಇದ್ದರೂ ಬರೆಯುವವನಿಲ್ಲದಿದ್ದರೆ ಹೊಸ ಸಾಲು ಮೂಡುವುದಿಲ್ಲ. ಸಾಲು ಮೂಡದಿದ್ದರೆ ಯಾರು ಬರಲಿಲ್ಲವೆಂಬುದು ತಿಳಿಯುವುದಿಲ್ಲ. ಖರ್ಚನ್ನು ಕಡಮೆಮಾಡುವಾಗ ಮೊದಲು ಕಡಿಯಬಹುದಾದವನು ಗುಮಾಸ್ತನೆಂಬ ಭಾವನೆ ಎಲ್ಲೆಡೆಯಲ್ಲಿಯೂ ಇದೆ. ಮೇಲ್ಕಂಡ ಚರಿತ್ರೆಯು ಅದಕ್ಕೆ ವಿರುದ್ಧವಾಗಿ ಸಾಕ್ಷಿ ಹೇಳುತ್ತದೆ.

ಕೊನೆಯದಾಗಿ ಒಂದು ಸೂಚನೆ. ಕಾಗದದ ಪುಸ್ತಕಗಳನ್ನು ಗಣಕಕ್ಕೆ ಏರಿಸಿದ ಮೇಲೆ ಅವುಗಳಿಂದ ಇನ್ನೇನು ಪ್ರಯೋಜನವೆಂದು ಅವನ್ನು ಹಾಳುಗೆಡವುವ ಸಂಭವವಿದೆ. ಗೌಪ್ಯಕ್ಕೆ ಭಂಗ ಬಾರದಂತೆ ಅವುಗಳಲ್ಲಿ ಕೆಲವನ್ನಾದರೂ, ಪ್ರತಿ ಜಿಲ್ಲೆಯಿಂದಲೂ ಆರಿಸಿ, ಬೀಗಮುದ್ರೆಯಲ್ಲಿ ರಕ್ಷಿಸಿಡಬೇಕು. ಮೂಲಪ್ರತಿಯು ನಾಶವಾದ ಮೇಲೆ ಉಳಿದ ಪ್ರತಿಯ ಶುದ್ಧಾಶುದ್ಧಗಳನ್ನು ನಿರ್ಣಯಿಸುವ ಉಪಾಯವಿಲ್ಲವೆಂಬುದು ಗ್ರಂಥಸಂಪಾದಕರು ಬಹುಕಷ್ಟದಿಂದ ಕಲಿತ ಪಾಠ. ಅದನ್ನು ವೈದ್ಯರಿಗೂ ಅಧಿಕಾರಿಗಳಿಗೂ ತಿಳಿಯಹೇಳುವ ಅರ್ಹತೆ ನಮ್ಮ ವಿದ್ವಾಂಸರಿಗಿದೆ. ತುಮಕೂರಿನ ಸೀಮೆಯಲ್ಲಿ ಕೆಮ್ಮಿನ ಔಷಧ ಪಡೆದು ಹಿಂದಿರುಗಿದವರು ಯಾವ ಪುಸ್ತಕದಲ್ಲಿ ಏನೆಂದು ಬರೆಯಲ್ಪಟ್ಟಿದ್ದರೆಂಬುದನ್ನು ಮುಂದಿನವರು ನೋಡಬೇಕೆಂದರೆ ಆ ಪುಸ್ತಕಗಳು ಉಳಿದಿರಬೇಕು.